ಎರಡನೇ ಏಟು

ರತ್ನಾ, ನಿನ್ನ ಗಂಡ ಮಂಜನ ಎಡಗಣ್ಣು ಹೋದದ್ದು ಬೈಕಿನಿಂದ ಬಿದ್ದಲ್ಲ. ನಾನು ಹೊಡೆದದ್ದು. ಅವನ ಒಡಹುಟ್ಟಿದ ಅಣ್ಣ, ನೀನು ಬಾಯ್ತುಂಬ ‘ಭಾವ’ ಎನ್ನುವ ನಾನು — ಹಾಡಹಗಲಲ್ಲಿ, ನಮ್ಮ ಮನೆಯ ಅಂಗಳದಲ್ಲೇ.

ನಿಮ್ಮ ಮದುವೆಗೆ ಮೊದಲಿನ ಮಾತು. ತೊಣ್ಣೂರಿನ ಮನೆಯಲ್ಲಿ ಅವ್ವ, ಮಂಜ, ನಾನು ಇದ್ದೆವು. ಅವ್ವ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಆಪರೇಷನ್ ಆದಮೇಲೂ ಕಾಲು ಚಾಚಿಯೇ ಕೂರಬೇಕು, ಆಗಾಗ ಮೈಸೂರಿನ ಆಸ್ಪತ್ರೆಗೆ ಹೋಗಬೇಕು. ಆಲೆಮನೆಯಲ್ಲಿ ಬೆಲ್ಲ ಕಾಯಿಸಿ ಮಂಜ ದುಡಿದದ್ದು, ಕೆ.ಆರ್. ಪೇಟೆಯ ಶಾಲೆಯೊಂದರಲ್ಲಿ ಗುಮಾಸ್ತನಾಗಿ ನಾನು ಉಳಿಸಿದ್ದು — ಎರಡೂ ಸೇರಿದರೆ ಒಂದು ಹೊಸ ಬೈಕು ಬರುತ್ತಿತ್ತು, ಇಲ್ಲವೇ ಒಂದು ಹಳೇ ಕಾರು.

“ಕಾರೇ ತಕ್ಕೊಳವ ಅಣ್ಣ. ಅವ್ವನ್ನ ಹಿಂದ್ಗಡೆ ಸೀಟಲ್ಲಿ ಮಲಗಿಸ್ಕೊಂಡು ಹೋಗ್ಬೋದು” ಅಂದ ಮಂಜ. ನಾಗಮಂಗಲದಲ್ಲಿ ಒಂದು ಬಿಳಿ ಕಾರು ನೋಡಿಯೂ ಬಂದಿದ್ದ. ನಾನು ಹೂಂ ಅಂದೆ. ದುಡ್ಡು ಇಸಿದುಕೊಂಡು ಬಸ್ಸು ಹತ್ತಿದೆ.

ನಾಗಮಂಗಲಕ್ಕೆ ಹೋಗಲಿಲ್ಲ. ಪಾಂಡವಪುರದಲ್ಲೇ ಇಳಿದು ಬೈಕು ಕೊಂಡೆ. ದಿನಾ ಬಸ್ಸಿನಲ್ಲಿ ಜೋತುಬಿದ್ದು ಸಾಕಾಗಿತ್ತು ಎನ್ನಬಹುದು, ಕಾರಿಗೆ ಪೆಟ್ರೋಲು ಹಾಕಿ ಪೂರೈಸಲಾಗದು ಎನ್ನಬಹುದು... ನಿಜ ಅದಲ್ಲ. ಹೆಣ್ಣು ನೋಡಲು ಹೋಗುವಾಗ ಹೊಸ ಬೈಕಿನಲ್ಲಿ ಹೋಗಿ ಇಳಿಯಬೇಕು ಅಂತ ಆಸೆ. ಅಷ್ಟೇ.

ಹ್ಯಾಂಡಲಿಗೆ ಹೂವಿನ ಹಾರ ಹಾಕಿಕೊಂಡು ಅಂಗಳಕ್ಕೆ ಬಂದೆ. ಕಾರಿನಲ್ಲಿ ಅವ್ವನ ಕಾಲಡಿಗೆ ಇಡಲೆಂದು ಮಂಜ ಹೊಸ ದಿಂಬು ತಂದು, ಅದನ್ನು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದ.

“ಕಾರೆಲ್ಲಣ್ಣ?”

“ಸದ್ಯಕ್ಕೆ ಇದೇ ಆಯ್ತದೆ ಬುಡ್ಲಾ.”

“ಅವ್ವನ್ನ ಇದ್ರ ಮ್ಯಾಲೆ ಎಂಗೆ ಕೂರುಸ್ತೀಯ? ಮೂಟೆ ಕಟ್ಟಂಗೆ ಕಟ್ತೀಯಾ?”

ನಾನು ನಕ್ಕುಬಿಟ್ಟೆ. ಯಾಕೆ ನಕ್ಕೆನೋ — ಅವನು ದಿಂಬು ಎಸೆದು ಬೈಕಿಗೆ ಒದ್ದ. ಅದು ಚಪ್ಪಡಿ ಕಲ್ಲಿನ ಮೇಲೆ ಬಿತ್ತು. ಒಂದು ಕಡೆಯ ಕನ್ನಡಿ ಒಡೆದು, ಸರಳಿನ ಸಮೇತ ಮುರಿದುಬಂತು. ನಾನು ಅವನ ಕೊರಳಪಟ್ಟಿ ಹಿಡಿದೆ, ಅವನು ನನ್ನ ಎದೆಗೆ ಗುದ್ದಿದ. ಇಬ್ಬರೂ ಮಣ್ಣಿನಲ್ಲಿ ಬಿದ್ದು ಹೊರಳಾಡಿದೆವು. ನನ್ನ ಕೈಗೆ ಆ ಸರಳು ಸಿಕ್ಕಿತು. ಬೀಸಿದೆ. ಹುಬ್ಬು ಸೀಳಿ ರಕ್ತ ಚಿಮ್ಮಿತು. ಅವನು ಹಿಡಿತ ಬಿಟ್ಟ. “ಸಾಕಣ್ಣ” ಅಂದ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವನು ಮಂಡಿಯೂರಿದ್ದ, ಕೈಗಳೆರಡೂ ಕೆಳಗಿದ್ದವು, ಮುಖವನ್ನು ನನ್ನ ಕಡೆಗೆ ಎತ್ತಿದ್ದ. ಆ ಮುಖ ನೋಡಿದೆ. ನೋಡಿ, ಗುರಿಯಿಟ್ಟು, ಮತ್ತೆ ಹೊಡೆದೆ — ಗಾಜಿನ ಚೂರು ಅಂಟಿಕೊಂಡಿದ್ದ ತುದಿಯಿಂದ. ಮೊದಲನೆಯದು ಕೋಪ. ಎರಡನೆಯದು ಕೋಪವಲ್ಲ, ರತ್ನಾ. ಅವನು ಹೇಳಿದ್ದು ಸರಿಯೆಂದು ನನಗೆ ಗೊತ್ತಿತ್ತು. ಆ ಕಣ್ಣು ನನ್ನನ್ನು ಹಾಗೆ ನೋಡುವುದು ನನಗೆ ಬೇಡವಾಗಿತ್ತು.

ಒಳಗೆ ಮಂಚದ ಮೇಲಿದ್ದ ಅವ್ವ ಕೂಗಿದಳು: “ಏನ್ರಲಾ ಅದು ಸದ್ದು?”

ಮಂಜ ಕೈಯಿಂದ ಕಣ್ಣು ಮುಚ್ಚಿಕೊಂಡಿದ್ದ. ಬೆರಳ ಸಂದಿಯಿಂದ ರಕ್ತ ಸುರಿಯುತ್ತಿತ್ತು. ಹಾಗಿದ್ದೂ ಹೇಳಿದ: “ಬೈಕು ಬಿತ್ತು ಕಣವ್ವ.”

ಆ ಸುಳ್ಳನ್ನು ನಾನು ಬಾಚಿಕೊಂಡೆ. ಅದೇ ಬೈಕಿನ ಹಿಂದೆ ಅವನನ್ನು ಕೂರಿಸಿಕೊಂಡು ಮೈಸೂರಿನವರೆಗೂ ಓಡಿಸಿದೆ. ಅವನ ಹಣೆ ನನ್ನ ಬೆನ್ನಿಗೆ ಒರಗಿತ್ತು, ಅಂಗಿ ಬಿಸಿಬಿಸಿಯಾಗಿ ಒದ್ದೆಯಾಗುತ್ತ... ಡಾಕ್ಟರು ಕೇಳಿದರೆ “ಗಾಡಿಯಿಂದ ಬಿದ್ದ” ಅಂದೆ. ಊರಿಗೂ ಅದನ್ನೇ ಹೇಳಿದೆ. ಅಣ್ಣನ ಹೊಸ ಗಾಡಿಯಲ್ಲಿ ಮೆರೆಯಲು ಹೋಗಿ ಕಣ್ಣು ಕಳೆದುಕೊಂಡ ಎಂದು ಊರು ನಂಬಿತು. ಕುಡಿದಿದ್ದನಂತೆ ಎಂದು ಯಾರೋ ಸೇರಿಸಿದರು. ನಾನು ಇಲ್ಲವೆನ್ನಲಿಲ್ಲ. ಅವ್ವ ಸಾಯುವವರೆಗೂ ಹಾಲಿನ ವ್ಯಾನಿನಲ್ಲಿ, ಕ್ಯಾನುಗಳ ಮಧ್ಯೆ ಮಲಗಿಕೊಂಡೇ ಆಸ್ಪತ್ರೆಗೆ ಹೋಗಿಬಂದಳು.

ಮಂಜ ನನ್ನೊಡನೆ ಆ ಮಾತು ಎತ್ತಿದ್ದು ಒಂದೇ ಸಲ. “ಕೋಪದಲ್ಲಿ ನಿಂಗೆ ಏನೂ ಕಾಣ್ತಿರ್ನಿಲ್ಲ ಕಣಣ್ಣ. ಬೇಕು ಅಂತ ಮಾಡ್ದ್ಯಾ?” ಅಂದ. ನಾನು ತಲೆಯಾಡಿಸಿದೆ. ಏನೂ ಕಾಣುತ್ತಿರಲಿಲ್ಲ ಎಂದು ತಲೆಯಾಡಿಸಿದೆ!

ಹೋದ ಭಾನುವಾರ ನಿಮ್ಮ ಕಿರಂಗೂರಿನ ಮನೆಯಲ್ಲಿ ಊಟಕ್ಕೆ ಕೂತಿದ್ದೆವಲ್ಲ. ಮಗಳು ಭೂಮಿಕಾ ಶ್ರೀರಂಗಪಟ್ಟಣದ ಕಾಲೇಜಿಗೆ ಹೋಗಿಬರಲು ಸ್ಕೂಟರು ಕೇಳಿದಳು. ಮನೆಮಂದಿಗೆಲ್ಲ ಆಗುವಂಥ ಹಳೇ ಕಾರು ನೋಡೋಣ ಎಂದೆ ನೀನು. ಇರುವ ದುಡ್ಡಿಗೆ ಎರಡರಲ್ಲೊಂದೇ. ಅವಳು ಹಟ ಹಿಡಿದಾಗ ನೀನು ಕೆನ್ನೆಗೆ ಬಾರಿಸಿದೆ — “ನಿಮ್ಮಪ್ಪನ ಮಕ ನೋಡು! ಗಾಡಿ ಮ್ಯಾಲೆ ಮೆರ್ದು ಇಂಗಾಗವ್ರೆ. ನಿಂಗೂ ಬೇಕಾ?” ಹಲ್ಲು ತಾಗಿ ಹುಡುಗಿಯ ತುಟಿ ಒಡೆಯಿತು. ಮಂಜ ತಲೆ ತಗ್ಗಿಸಿ ಮುದ್ದೆ ಮುರಿಯುತ್ತ ಕೂತ. ಪಕ್ಕದಲ್ಲೇ ನಾನಿದ್ದೆ, ನೀನು ಬಡಿಸಿದ ಸಾರು ಉಣ್ಣುತ್ತ. ನಿಜಕ್ಕೂ ಆ ಏಟು ಹೊಡೆದ ಕೈ ನಿನ್ನದಲ್ಲ, ನನ್ನದು. ಆಗಲೂ ನಾನು ಬಾಯಿ ಬಿಡಲಿಲ್ಲ.

ನಾಳೆ ಬೆಳಗ್ಗೆ ಬರುತ್ತೇನೆ. ಭೂಮಿಕಾಳನ್ನೂ ಕೂರಿಸಿಕೋ. ನನಗೆ ಎಲ್ಲವೂ ಕಾಣುತ್ತಿತ್ತು ಎಂಬುದನ್ನು ಮಂಜನ ಎದುರಿಗೇ ಹೇಳುತ್ತೇನೆ. ಅವನು ನನ್ನ ಮೇಲೆ ಬಿದ್ದರೆ ನೀನು ಅಡ್ಡ ಬರಬೇಡ. ಬೀಳದೆ ಸುಮ್ಮನೆ ಕೂತು, ಆಮೇಲೆ ನನ್ನನ್ನು ಊಟಕ್ಕೆ ಕರೆದರೆ — ಅವನು ಅಂಥವನೇ — ನೀನು ತಟ್ಟೆ ಇಡಬೇಡ.