ಸರಿಯಿದ್ದ ಕಾಲಿಗೆ ಕಟ್ಟಿದ ಪಟ್ಟಾ

ಅಣ್ಣನ ಮಗಳು ಕಾಲೇಜಿನ ವಾಲಿಬಾಲ್ ತಂಡದಲ್ಲಿದ್ದಾಳೆ. ಕಳೆದ ತಿಂಗಳು ಉಪ್ಪಲ್‌ನ ನನ್ನ ಮನೆಗೆ ಬಂದವಳು ಒಂದು ಡಬ್ಬಿ ತೆರೆದು ಕಣಕಾಲಿಗೆ ಕಟ್ಟುವ ಎರಡು ಆ್ಯಂಕಲ್ ಬ್ರೇಸ್ ತೆಗೆದು ಮೇಜಿನ ಮೇಲಿಟ್ಟಳು. ಕರಿ ಬಟ್ಟೆ, ಉದ್ದ ಲೇಸು, ಎರಡೂ ಪಕ್ಕಕ್ಕೆ ಗಟ್ಟಿ ಪ್ಲಾಸ್ಟಿಕ್ಕಿನ ಹಲಗೆ.

"ಕಾಕಾ, ಅರ್ಧ ಟೀಮು ಹಾಕ್ಕೋ ಅಂತೈತಿ. ಇನ್ನರ್ಧ, ಹಾಕ್ಕೊಂಡ್ರ ಕಾಲು ಸೊರಗತಾವ, ಜಿಗಿಯಾಕ ಬರಂಗಿಲ್ಲ ಅಂತೈತಿ. ನೀವು ಆಡಿದವ್ರು. ಹೇಳ್ರಿ."

ಅವಳ ಜೊತೆ ಬಂದಿದ್ದ ಅಣ್ಣ ಎದುರಿನ ಕುರ್ಚಿಯಲ್ಲಿ ಎಡಗಾಲನ್ನು ಸ್ಟೂಲಿನ ಮೇಲಿಟ್ಟು ಪೇಪರ್ ಓದುತ್ತಿದ್ದ. ತಲೆ ಎತ್ತದೆಯೇ ಹೇಳಿದ: "ನಿಮ್ಮ ಕಾಕಾನ್ನೇ ಕೇಳು. ಯಾವ ಕಾಲಿಗೆ ಕಟ್ಟಬೇಕಂತ ಅವಗ ಭಾಳ ಚಲೋ ಗೊತ್ತೈತಿ."

ನಾನು ಚಹಾ ಮಾಡುತ್ತೇನೆಂದು ಎದ್ದು ಒಳಗೆ ಹೋದೆ. ನೀರು ಕುದಿಯುವಷ್ಟು ಹೊತ್ತಿನಲ್ಲಿ ನೆನಪಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನಾನು ಕಂಡದ್ದು ಎಷ್ಟು, ಆಮೇಲೆ ಕಟ್ಟಿಕೊಂಡದ್ದು ಎಷ್ಟು ಎಂದು ಬೇರ್ಪಡಿಸಲು ನನ್ನಿಂದ ಆಗಿಲ್ಲ. ಆಗಿದೆ ಎಂದು ನಟಿಸುವುದೂ ಇಲ್ಲ.

ಆಗ ನಾವು ಸಿಕಂದರಾಬಾದ್ ಪಕ್ಕದ ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪ ಗೂಡ್ಸ್ ಗಾಡಿಯ ಗಾರ್ಡು. ಅವನು ರಿಟೈರ್ ಆಗಲು ಏಳು ತಿಂಗಳು ಉಳಿದಿತ್ತು. ಅಷ್ಟರೊಳಗೆ ಅಣ್ಣನಿಗೆ ಆಟಗಾರರ ಕೋಟಾದಲ್ಲಿ ರೈಲ್ವೆ ಕೆಲಸ ಸಿಗಬೇಕು, ಇಲ್ಲದಿದ್ದರೆ ಕ್ವಾರ್ಟರ್ಸ್ ಬಿಡಬೇಕು. ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಅವ್ವ ಅಣ್ಣನ ತಟ್ಟೆಗೆ ತುಪ್ಪ ಹಾಕುವಾಗ ನನ್ನ ತಟ್ಟೆಯ ಕಡೆ ನೋಡುತ್ತಿರಲಿಲ್ಲ. ನಾನು ಹತ್ತೊಂಬತ್ತರವನು, ಅಣ್ಣ ಇಪ್ಪತ್ತೆರಡು.

ಕ್ವಾರ್ಟರ್ಸಿನ ಹಿಂದಿನ ಬಯಲೇ ನಮ್ಮ ಮೈದಾನ. ಗರಸು ಮಣ್ಣು. ಬಿದ್ದರೆ ಮೊಣಕೈ, ಮೊಣಕಾಲು ಅಲ್ಲೇ ಉಳಿಯುತ್ತಿದ್ದವು. ಅಲ್ಲಿ ನಮಗೆ ಆಟ ಕಲಿಸಿದವನು ವರ್ಕ್‌ಶಾಪಿನ ಫಿಟ್ಟರ್, ರಾಯಚೂರು ಕಡೆಯವನು. ಎಲ್ಲರೂ ಅವನನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ಚೆಂಡಿಗಿಂತ ಮೊದಲು ಅವನು ಕಲಿಸುತ್ತಿದ್ದುದು ಕಾಲು ಇಡುವುದನ್ನು.

ಕಾಲು ಇಡುವುದೆಂದರೆ ಇದು. ಎದುರಿನವನು ಹಾರಿ ಸ್ಮ್ಯಾಷ್ ಹೊಡೆಯುತ್ತಾನೆ. ಅವನನ್ನು ತಡೆಯಲು, ಅಂದರೆ ಬ್ಲಾಕ್ ಮಾಡಲು, ನೆಟ್ಟಿನ ಈ ಕಡೆ ನೀನೂ ಹಾರುತ್ತೀ. ಅವನಿಗಿಂತ ಒಂದು ಕ್ಷಣ ಮೊದಲು ಇಳಿದು, ನಡುಗೆರೆ ದಾಟಿಸಿ, ಅವನು ಇಳಿಯುವ ಜಾಗದಲ್ಲಿ ನಿನ್ನ ಪಾದ ಇಡುತ್ತೀ. ಅವನ ಕಾಲು ನೆಲದ ಬದಲು ನಿನ್ನ ಬೂಟಿನ ಮೇಲೆ ಬೀಳುತ್ತದೆ, ಪಾದ ಹೊರಳುತ್ತದೆ, ಮೈಭಾರವೆಲ್ಲ ಕಣಕಾಲಿನ ಹೊರಮಗ್ಗುಲಿಗೆ ಬರುತ್ತದೆ. ನಿನ್ನ ಹಿಮ್ಮಡಿ ಗೆರೆಯ ಮೇಲಿದ್ದರೆ ರೆಫ್ರಿ ಸೀಟಿ ಊದುವಂತಿಲ್ಲ. ಕ್ಯಾಪ್ಟನ್ ಗೆರೆಯ ಪಕ್ಕ ಬಿದಿರಿನ ಸೆಳೆ ಹಿಡಿದು ಕೂತಿರುತ್ತಿದ್ದ. ಹಿಮ್ಮಡಿ ಗೆರೆ ಬಿಟ್ಟರೆ ಮೀನಖಂಡದ ಮೇಲೆ ಬಾಸುಂಡೆ. ಕೆಳಗೆ ನೋಡಿದರೆ ಎರಡು.

"ಕಣ್ಣು ಚಂಡಿನ ಮ್ಯಾಲ ಇರಬೇಕಲೇ," ಎನ್ನುತ್ತಿದ್ದ. "ಕಾಲಿಗೆ ತನ್ನ ಕೆಲಸ ತನಗ ಗೊತ್ತಿರಬೇಕು."

ನನ್ನ ಕಾಲಿಗೆ ಗೊತ್ತಾಯಿತು. ಒಂದು ವರ್ಷದಲ್ಲಿ ಎಷ್ಟು ಜನರನ್ನು ಕುಂಟಿಸಿದೆ ಎಂದು ಎಣಿಸಿಲ್ಲ. ಒಬ್ಬನ ಮುಖ ಮಾತ್ರ ನೆನಪಿದೆ, ಮಣ್ಣು ಕಚ್ಚಿಕೊಂಡು ತೆಲುಗಿನಲ್ಲಿ ತನ್ನ ತಾಯಿಯನ್ನು ಕರೆಯುತ್ತಿದ್ದವನದು. ನಾನು ಹೆಮ್ಮೆಪಟ್ಟೆ. ಇದನ್ನು ಮಾತ್ರ ಕಟ್ಟಿಕೊಂಡಿಲ್ಲ.

ಅಣ್ಣನ ಎಡಗಾಲು ಅದೇ ವರ್ಷ ಎರಡು ಸಲ ಉಳುಕಿತ್ತು. ಬಲಗೈಯಿಂದ ಹೊಡೆಯುವವರು ಹೆಚ್ಚಾಗಿ ಎಡಗಾಲಿನ ಮೇಲೇ ಇಳಿಯುತ್ತಾರೆ. ಟ್ರಯಲ್ಸಿಗೆ ಮೂರು ವಾರ ಇರುವಾಗ ಅವ್ವ ಅಪ್ಪ ಹಾಸಿಗೆ ಸುತ್ತುತ್ತಿದ್ದ ಹಳೆಯ ಹೋಲ್ಡಾಲ್ ಕತ್ತರಿಸಿ, ಹಸಿರು ಕ್ಯಾನ್ವಾಸಿನಲ್ಲಿ ಅವನಿಗೆ ಒಂದು ಪಟ್ಟಾ ಹೊಲಿದಳು. ಸ್ಟೇಶನ್ ಹತ್ತಿರದ ಚಪ್ಪಲಿ ಹೊಲಿಯುವವನು ಅದಕ್ಕೆ ಲೇಸಿನ ತೂತು ಹೊಡೆದು, ಎರಡೂ ಬದಿಗೆ ದಪ್ಪ ತೊಗಲು ಹಾಕಿಕೊಟ್ಟ. ಉಳಿದ ತುಂಡನ್ನು ಅವ್ವ ನನ್ನ ಬೂಟಿನ ಹರಿದ ತುದಿಗೆ ತೇಪೆ ಹಾಕಿದಳು. ಆ ಬೂಟೂ ಅಣ್ಣನದೇ, ಅವನು ಬಿಟ್ಟದ್ದು.

ಪಟ್ಟಾ ಕಟ್ಟಿಕೊಂಡು ಬಂದ ಮೊದಲ ದಿನ ಕ್ಯಾಪ್ಟನ್ ಅಣ್ಣನನ್ನು ಮೇಲಿಂದ ಕೆಳಗೆ ನೋಡಿ ಕೆನ್ನೆಗೆ ಹೊಡೆದ. ಅಣ್ಣನ ತುಟಿ ಒಡೆಯಿತು.

"ಮದುಮಗಾ, ಬಾಸಿಂಗ ಕಾಲಿಗೆ ಕಟಗೊಂಡು ಬಂದಿಯೇನು? ನೋವು ಎಲ್ಲೈತಿ ಅಂತ ಬೋರ್ಡ್ ಹಾಕ್ಕೊಂಡು ಬಂದಂಗಾತಲ್ಲೋ. ಅವ್ರು ಬಿಡತಾರೇನು?"

"ಕಟ್ಟದಿದ್ರ ಕಾಲು ನಿಲ್ಲವಲ್ಲದ್ರಿ ಕ್ಯಾಪ್ಟನ್," ಎಂದ ಅಣ್ಣ.

"ಕಟ್ಟು. ಬ್ಯಾಡ ಅಂದವ್ರು ಯಾರು? ಬಲಗಾಲಿಗೆ ಕಟ್ಟು."

ನಮ್ಮ ಮೈದಾನದ ಪದ್ಧತಿ ಅದು. ಪಟ್ಟಾ ಸರಿಯಿದ್ದ ಕಾಲಿಗೆ, ನೊಂದ ಕಾಲು ಬರಿದು. ಎದುರಿನವರು ಪಟ್ಟಾ ಇದ್ದ ಕಾಲಿಗೇ ಗುರಿಯಿಡುತ್ತಾರೆ, ಅದು ಗಟ್ಟಿಯಿರುತ್ತದೆ, ನಾವು ನಗುತ್ತೇವೆ. ನಮಗೆ ಅದು ಜಾಣತನವೆಂದೇ ತೋರುತ್ತಿತ್ತು. ಪಟ್ಟಾ ಕೆಲಸ ಮಾಡುತ್ತದೆ ಎಂದು ನಮಗೆ ನಂಬಿಕೆಯಿತ್ತು, ಅದಕ್ಕೇ ಅದನ್ನು ಬೇಡದ ಕಾಲಿಗೆ ಕಟ್ಟಿ ಮೋಸ ಮಾಡುತ್ತಿದ್ದೆವು. ಇಷ್ಟು ನೇರವಾಗಿ ಇದನ್ನು ಒಬ್ಬರೂ ಒಬ್ಬರಿಗೆ ಹೇಳಿಕೊಳ್ಳಲಿಲ್ಲ. ಅವ್ವನಿಗೂ ಹೇಳಲಿಲ್ಲ. ಅವಳು ಎಡಗಾಲಿನ ಅಳತೆ ತೆಗೆದು ಹೊಲಿದಿದ್ದಳು.

ಟ್ರಯಲ್ಸ್ ಸಿಕಂದರಾಬಾದ್‌ನ ಒಂದು ಮೈದಾನದಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ. ಕ್ಯಾಪ್ಟನ್ ನನ್ನಿಂದಲೂ ಒಂದು ಅರ್ಜಿ ಹಾಕಿಸಿದ್ದ. ಅದು ಮನೆಯಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ಆರಿಸುವವರು ಬಂದವರನ್ನು ಎರಡು ತಂಡ ಮಾಡಿದಾಗ ಅಣ್ಣ ಒಂದು ಕಡೆ, ನಾನು ಇನ್ನೊಂದು ಕಡೆ ಆದೆವು. ನೆಟ್ಟಿನ ಹತ್ತಿರ ನನ್ನ ಪಕ್ಕದಲ್ಲಿ ಕಂಟೋನ್ಮೆಂಟ್ ಕಡೆಯ ಒಬ್ಬ ಹುಡುಗ ನಿಂತಿದ್ದ. ಅಗಲ ಭುಜ, ಆಗತಾನೆ ಬಂದ ಮೀಸೆ. ಅವನ ಕಡೆಯವರಿಗೂ ಕಾಲು ಇಡುವುದು ಗೊತ್ತಿತ್ತು. ಅಣ್ಣನ ಹಸಿರು ಪಟ್ಟಾ ನೋಡಿ ಅವನು ನನಗೆ ಮೊಣಕೈಯಿಂದ ತಿವಿದ.

"ಸೀಧಾ ಪಾವ್ಂ," ಎಂದ. ಬಲಗಾಲು.

ಎರಡು ಸಲ ಅವನು ಅಣ್ಣನ ಬಲಗಾಲಿನ ಕೆಳಗೆ ಕಾಲಿಟ್ಟ. ಎರಡು ಸಲವೂ ಅಣ್ಣನ ಪಾದ ಅವನ ಬೂಟಿಗೆ ಬಡಿದು ಜಾರಿತು, ಪಟ್ಟಾ ಬಿಗಿಹಿಡಿಯಿತು, ಕಣಕಾಲು ಹೊರಳಲಿಲ್ಲ. ಅಣ್ಣ ಎದ್ದು ಚಡ್ಡಿ ಕೊಡವಿಕೊಂಡು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಹೊರಗೆ ಕ್ಯಾಪ್ಟನ್ ತೊಡೆ ತಟ್ಟಿ ನಕ್ಕ.

ನಡುವೆ ನೀರಿಗೆ ಬಿಟ್ಟರು. ಗಡಿಗೆಯ ಹತ್ತಿರ ಆರಿಸುವವರಲ್ಲೊಬ್ಬರು ಇನ್ನೊಬ್ಬರಿಗೆ ಹೇಳಿದರು: "ದೋನೋ ಭಾಯಿ ಹೈ ಕ್ಯಾ? ಜಗಹ್ ತೋ ಏಕೀಚ್ ಹೈ." ಇಬ್ಬರೂ ಅಣ್ಣತಮ್ಮಂದಿರಂತೆ, ಜಾಗ ಇರುವುದು ಒಂದೇ. ಈ ಮಾತು ನನ್ನ ನೆನಪಿನಲ್ಲಿ ಎರಡು ಕಡೆ ಕೂತಿದೆ. ಒಂದು ಸಲ ನೀರು ಕುಡಿಯುವಾಗ ಕೇಳಿಸುತ್ತದೆ, ಆಟ ಇನ್ನೂ ಬಾಕಿ ಇದೆ. ಇನ್ನೊಂದು ಸಲ ಎಲ್ಲ ಮುಗಿದ ಮೇಲೆ ಕೈ ತೊಳೆಯುವಾಗ ಕೇಳಿಸುತ್ತದೆ. ಎರಡರಲ್ಲೂ ಅದೇ ಗಡಿಗೆ, ಅದೇ ತಗಡಿನ ಲೋಟ. ಮೊದಲೇ ಕೇಳಿದ್ದರೆ ನಾನು ಒಬ್ಬ ಮನುಷ್ಯ, ಆಮೇಲೆ ಕೇಳಿದ್ದರೆ ಬೇರೊಬ್ಬ. ಮೂವತ್ತು ವರ್ಷದಿಂದ ಅನುಕೂಲ ನೋಡಿಕೊಂಡು ಇಬ್ಬರೂ ಆಗಿದ್ದೇನೆ.

ಆಮೇಲೆ ಅಣ್ಣನಿಗೆ ಹೊಡೆಯಲು ಎತ್ತಿಕೊಟ್ಟ ಚೆಂಡು ಎತ್ತರಕ್ಕೆ ಬಂತು. ಅಣ್ಣ ಹಾರಿದ. ನಾನೂ ಆ ಹುಡುಗನೂ ಹಾರಿದೆವು. ಚೆಂಡು ನನ್ನ ಬೆರಳಿಗೆ ತಾಗಿ ಹೊರಗೆ ಹೋಯಿತು. ಕೆಳಗೆ ನನ್ನ ಬೂಟು, ಹಸಿರು ತೇಪೆಯದು, ಗೆರೆ ದಾಟಿ ಅಣ್ಣನ ಎಡಗಾಲಿನ ಕೆಳಗೆ ಸರಿಯುವುದು ನನಗೆ ಕಾಣುತ್ತದೆ, ನಿಧಾನವಾಗಿ, ಮೇಲಿಂದ. ಹಾಗೆ ಕಂಡಿರಲು ಸಾಧ್ಯವಿಲ್ಲ. ನನ್ನ ಕಣ್ಣು ಚೆಂಡಿನ ಮೇಲಿತ್ತು. ಅದಕ್ಕಾಗಿಯೇ ನನಗೆ ಏಟು ಬಿದ್ದಿದ್ದವು. ಈ ಚಿತ್ರ ನಾನೇ ಬರೆದದ್ದು. ಆದರೆ ಪಾದದ ಮೇಲೆ ಅವನ ಭಾರ ಬಿದ್ದದ್ದು ನಿಜ. ನನ್ನ ಹೆಬ್ಬೆರಳಿನ ಉಗುರು ಕಪ್ಪಾಗಿ ಮುಂದಿನ ತಿಂಗಳು ಬಿದ್ದುಹೋಯಿತು. ಒದ್ದೆ ಬಟ್ಟೆ ಹರಿದಂಥ ಸದ್ದು ಬಂತು. ಅಣ್ಣ ಕೂಗಲಿಲ್ಲ. ಅವನ ಪಾದ ಒಳಕ್ಕೆ ಮಡಚಿ, ಅಂಗಾಲು ಬಲಗಾಲಿನ ಪಟ್ಟಾದ ಕಡೆ ನೋಡುತ್ತಿತ್ತು.

ರೆಫ್ರಿ ಸೀಟಿ ಊದಲಿಲ್ಲ. ನನ್ನ ಹಿಮ್ಮಡಿ ಗೆರೆಯ ಮೇಲಿತ್ತು.

ಕಾಲಿಟ್ಟವನು ಕಂಟೋನ್ಮೆಂಟ್ ಹುಡುಗನೇ ಎಂದು ಎಲ್ಲರೂ ತಿಳಿದರು. ಎರಡು ಸಲ ಇಟ್ಟವನು ಮೂರನೆಯ ಸಲ ಇಡದೆ ಇರುತ್ತಾನೆಯೇ? ಆಟ ಮುಗಿದ ಮೇಲೆ ಕ್ಯಾಪ್ಟನ್ ಮತ್ತು ನಮ್ಮ ಮೈದಾನದ ಮೂವರು ಅವನನ್ನು ಹಿಂದಿನ ಗೋಡೆಗೆ ಒತ್ತಿದರು. "ಮೈ ನೈ ಥಾ, ಉಸ್ತಾದ್," ಎಂದ ಅವನು. ನಾನಲ್ಲ. ಕ್ಯಾಪ್ಟನ್ ಅವನ ಬಾಯಿಗೆ ಹೊಡೆದ. ಇನ್ನೊಬ್ಬ ಕೂದಲು ಹಿಡಿದು ತಲೆಯನ್ನು ಗೋಡೆಗೆ ಎರಡು ಸಲ ಬಡಿದ. ಅವನು ಕುಸಿದಾಗ ಸರದಿಯಂತೆ ಒದ್ದರು. ಅವನ ಕಣ್ಣು ನನ್ನ ಬೂಟಿನ ಮೇಲೆ ನಿಂತಿತ್ತು, ಅಥವಾ ನಿಂತಿತ್ತೆಂದು ನನಗೆ ಅನಿಸಿತು. ನಾನು ಒದ್ದೆ. ಪಕ್ಕೆಗೆ ಮೂರು ಸಲ. ಅವನು ಇನ್ನೊಮ್ಮೆ "ಮೈ ನೈ" ಎನ್ನುವ ಮೊದಲು ಒದೆಯಬೇಕಿತ್ತು. ಅವನು ರಕ್ತ ಉಗುಳಿದಾಗ ಜೊತೆಗೆ ಒಂದು ಹಲ್ಲೂ ಬಿತ್ತು. ಕ್ಯಾಪ್ಟನ್ ಅದನ್ನು ಚಪ್ಪಲಿಯಿಂದ ಮಣ್ಣಿಗೆ ತುಳಿದ.

ಅಲ್ಲೇ ಹತ್ತು ಹೆಜ್ಜೆ ದೂರದಲ್ಲಿ ಅಣ್ಣ ಸೈಕಲ್ ರಿಕ್ಷಾದಲ್ಲಿ ಕಾಲು ಚಾಚಿ ಕೂತಿದ್ದ. ಎಲ್ಲವನ್ನೂ ನೋಡಿದ. ಒಂದು ಮಾತೂ ಆಡಲಿಲ್ಲ.

ಅದೇ ರಿಕ್ಷಾದಲ್ಲಿ ಅವನನ್ನು ಎಲುಬು ಕೂಡಿಸುವ ಪೈಲ್ವಾನನ ಹತ್ತಿರ ಒಯ್ದೆವು. ಪೈಲ್ವಾನ ನನಗೆ ಅಣ್ಣನ ಎದೆಯ ಮೇಲೆ ಕೂರಲು ಹೇಳಿ ಪಾದ ಹಿಡಿದು ತಿರುವಿದ. ಅಣ್ಣ ನನ್ನ ಮುಂಗೈ ಕಚ್ಚಿದ. ಹಲ್ಲಿನ ಗುರುತು ಬಹಳ ದಿನ ಇತ್ತು. ತತ್ತಿಯ ಲೋಳೆಯಲ್ಲಿ ನೆನೆಸಿದ ಬಟ್ಟೆ ಸುತ್ತಿ, ಬಿದಿರಿನ ಸೀಳು ಕಟ್ಟಿ ಕಳಿಸಿದ. ಮನೆಯಲ್ಲಿ ಅವ್ವ ತತ್ತಿಯ ವಾಸನೆಗೆ ಮೂಗು ಮುಚ್ಚಿಕೊಳ್ಳಲಿಲ್ಲ. ಅಣ್ಣನ ಬಲಗಾಲಿಗಿದ್ದ ಪಟ್ಟಾ ನೋಡಿ ಮೊದಲು ಅಣ್ಣನ ಕಪಾಳಕ್ಕೆ, ಆಮೇಲೆ ನನ್ನ ಕಪಾಳಕ್ಕೆ ಹೊಡೆದಳು.

"ಯಾವ ಕಾಲಿಗೆ ಹೊಲದಿದ್ನೋ ಭಾಡ್ಯಾಗೋಳ್ಯಾ?" ಎಂದಳು.

ಹದಿನೈದು ದಿನಕ್ಕೆ ಆಯ್ಕೆಯಾದವರ ಪಟ್ಟಿ ಬಂತು. ಅದರಲ್ಲಿ ನನ್ನ ಹೆಸರಿತ್ತು. ಬ್ಲಾಕ್ ಚೆನ್ನಾಗಿತ್ತಂತೆ. ಕ್ವಾರ್ಟರ್ಸ್ ಉಳಿಯಿತು, ನನ್ನ ಹೆಸರಿಗೆ. ಅಣ್ಣನ ಕಣಕಾಲು ಮತ್ತೆ ಸರಿಯಾಗಿ ಕೂಡಲಿಲ್ಲ. ಸಿಕಂದರಾಬಾದ್‌ನ ಬಟ್ಟೆ ಅಂಗಡಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ನಿಂತುಕೊಂಡೇ ಥಾನು ಬಿಚ್ಚಿ ತೋರಿಸಿದ. ಸಂಜೆ ಕಾಲು ಊದಿಸಿಕೊಂಡು ಬರುತ್ತಿದ್ದ.

ಚಹಾ ತಂದು ಕೊಟ್ಟು ನಾನು ನೆಲದ ಮೇಲೆ ಕೂತೆ. ಹುಡುಗಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬ್ರೇಸ್ ಏರಿಸಿದೆ.

"ಹಾಕ್ಕೋ. ಎರಡೂ ಕಾಲಿಗೆ. ಇದರಿಂದ ಕಾಲು ಸೊರಗಂಗಿಲ್ಲ. ಒಂದಕ್ಕ ಹಾಕ್ಕೊಂಡು ಇನ್ನೊಂದು ಬಿಡಬ್ಯಾಡ. ಯಾರರೆ ನಕ್ಕರ ನಗಲಿ."

ಲೇಸು ಎಳೆಯುತ್ತಲೇ, ಅಣ್ಣನ ಕಡೆ ನೋಡದೆ ಹೇಳಿದೆ: "ಅವತ್ತು ಆ ಕಾಲು ನಂದಿತ್ತು."

ಅಣ್ಣ ಪೇಪರ್ ಮಡಚಿದ.

"ಗೊತ್ತೈತಿ," ಎಂದ ಅಣ್ಣ. "ನನ್ನ ಹಳೇ ಬೂಟು ನನಗ ಗುರ್ತ ಸಿಗಂಗಿಲ್ಲೇನು? ಅವ್ವನ ತೇಪಿ ಬ್ಯಾರೆ."

"ಮತ್ತ ಆ ಹುಡುಗನ್ನ ಬಡಿಯುವಾಗ ಯಾಕ ಸುಮ್ನಿದ್ದಿ?"

"ಹೇಳಿದ್ರ ನಿನ್ನ ಬಡೀತಿದ್ರು. ನೌಕರಿನೂ ಹೋಗತಿತ್ತು. ಮನ್ಯಾಗ ಒಬ್ಬಗರೆ ಬರಲಿ ಅಂತ." ಆಮೇಲೆ ಸೇರಿಸಿದ: "ಅವನ ಹಲ್ಲು ಹೋತು. ಹೋಗಲಿ ಅಂದ್ಕೊಂಡೆ. ಅವಂದೇನೂ ತಪ್ಪಿರಲಿಲ್ಲ ಅಂತ ಗೊತ್ತಿದ್ದೂ."

"ಯಾವ ಹುಡುಗ?" ಎಂದಳು ಮಗಳು.

ಒಂದು ಕಾಲಿನ ಲೇಸು ಮುಗಿಯಿತು. ಗಂಟು ಹಾಕುತ್ತಾ ಅವಳನ್ನು ಕೇಳಿದೆ: "ಬ್ಲಾಕಿಗೆ ಹಾರಿ ಇಳಿಯುವಾಗ ನಿನ್ನ ಹಿಮ್ಮಡಿ ಎಲ್ಲಿರತೈತಿ?"

"ಗೆರಿ ಮ್ಯಾಲ," ಎಂದಳು ತಕ್ಷಣ. "ಪಾದ ಆ ಕಡೆ, ಹಿಮ್ಮಡಿ ಗೆರಿ ಮ್ಯಾಲ. ಕಣ್ಣು ಚಂಡಿನ ಮ್ಯಾಲ."

"ಯಾರು ಕಲಿಸಿದ್ರು?"

"ಅಪ್ಪಾನೇ ಕಲಿಸ್ಯಾರ."

ನಾನು ತಲೆ ಎತ್ತಿದೆ. ಅಣ್ಣ ನನ್ನನ್ನು ನೋಡುತ್ತಿರಲಿಲ್ಲ. ನಾನು ಹಾಕಿದ ಗಂಟನ್ನು ನೋಡುತ್ತಿದ್ದ.

"ಸಡಲ ಆಗೇತಿ," ಎಂದ. "ಬಿಚ್ಚಿ ಮತ್ತ ಕಟ್ಟು."

ಬಿಚ್ಚಿದೆ.