ಕಿರುಬೆರಳಿನ ಪಾಳಿ

ಕಿರುಬೆರಳು ಬರಲಿಲ್ಲ.

ಹೈದರಾಬಾದಿನ ವೇದಿಕೆ. ನಾನೇ ಮಾಡಿದ ಕಂಪೋಸಿಷನ್, ನಿದ್ದೆಯಲ್ಲೂ ಬಾರಿಸಬಲ್ಲೆ. ಡ್ರಮ್ಸ್‌ನವನ ಸೋಲೋ ಮುಗಿಯಿತು, ಬೇಸ್‌ನವನದು ಮುಗಿಯಿತು, ನನ್ನ ಪಾಳಿ ಬಂತು. ಎಡಗೈಯ ಮೂರು ಬೆರಳು ಗಿಟಾರಿನ ತಂತಿಯ ಮೇಲೆ ಕೂತವು. ಕಿರುಬೆರಳು ಮಾತ್ರ ಗಾಳಿಯಲ್ಲಿ ಸುಮ್ಮನೆ ನಿಂತಿತು. ಒತ್ತು ಅಂದೆ. ಒತ್ತಲಿಲ್ಲ. ಜಾಜ್ ಸಂಗೀತದಲ್ಲಿ ಒಂದು ಅನುಕೂಲವಿದೆ: ಸ್ವರ ತಪ್ಪಿಹೋದರೆ ಬೇಕೆಂತಲೇ ಬಿಟ್ಟ ಅಂದುಕೊಳ್ಳುತ್ತಾರೆ. ಜನ ಚಪ್ಪಾಳೆ ತಟ್ಟಿದರು. ನಾನು ಬೆವರಿ ತೊಪ್ಪೆಯಾಗಿದ್ದೆ.

ಆ ಬೆರಳು ಕೆಲವು ತಿಂಗಳಿಂದ ಜೋಮು ಹಿಡಿಯುತ್ತಿತ್ತು. ಪಕ್ಕದ ಉಂಗುರದ ಬೆರಳೂ ಹಾಗೆಯೇ. ವಯಸ್ಸು, ಎಸಿ, ಬಸ್ಸಿನ ಕಿಟಕಿ ಎಂದು ಏನೇನೋ ನೆಪ ಹೇಳಿ ಸಾಗಹಾಕಿದ್ದೆ. ಶಹಾಪುರದ ಮನೆಗೆ ಬಂದು ಕೈ ತೋರಿಸಿದಾಗ ಅಪ್ಪ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು.

"ಲಕ್ವಾ ಹೊಡದದ."

"ಲಕ್ವಾ ಹೊಡದ್ರ ಮಾರಿ ಸೊಟ್ಟ ಆಗ್ತದರಿ ಮಾವಾ," ಎಂದಳು ನನ್ನ ಹೆಂಡತಿ ಸಾವಿತ್ರಿ. "ನಿಮ್ಮ ಮಗನ ಮಾರಿ ಮೊದಲ ಹ್ಯಾಂಗಿತ್ತೋ ಹಂಗೇ ಅದ."

ಅವಳು ಶಾಲೆಯ ಟೀಚರ್. ಯಾರನ್ನೂ ಬಿಟ್ಟವಳಲ್ಲ.

ಅಪ್ಪ ನಾರಾಯಣಪುರ ಡ್ಯಾಮಿನ ಕಾಲುವೆಗೆ ನೀರು ಬಿಡುವ ಗೇಟಿನ ಕೆಲಸದಲ್ಲಿದ್ದವರು. ನಾನು ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ. ಪಕ್ಕದ ಮನೆಯಲ್ಲಿದ್ದ ಗೋವಾದ ಫೋರ್‌ಮನ್ ಸಂಜೆ ಗಿಟಾರ್ ಹಿಡಿದು ಕೂತರೆ ನಾನು ಊಟ ಮರೆಯುತ್ತಿದ್ದೆ. ವರ್ಗವಾಗಿ ಹೋಗುವಾಗ ಆತ ಆ ಗಿಟಾರನ್ನು ನನ್ನ ಕೈಗೇ ಕೊಟ್ಟು ಹೋದ. ಅಲ್ಲಿಂದ ಹುಚ್ಚು ಶುರು! ಯಾದಗಿರಿಯಲ್ಲಿ ರೈಲು ಹತ್ತಿ ಮುಂಬೈಗೆ ಹೋದೆ, ಹೋಟೆಲುಗಳಲ್ಲಿ ಬಾರಿಸಿದೆ, ಬೈಸಿಕೊಂಡೆ, ಕಲಿತೆ, ಕೊನೆಗೆ ನನ್ನದೇ ಟ್ಯೂನ್‌ಗಳನ್ನು ಕಟ್ಟತೊಡಗಿದೆ. ಮಗ ಏನು ಮಾಡುತ್ತಾನೆಂದು ಕೇಳಿದವರಿಗೆಲ್ಲ ಅಪ್ಪ "ಜಹಾಜದಾಗ ಅದಾನ" ಎನ್ನುತ್ತಿದ್ದರು. ಜಾಜ್ ಎಂಬುದು ಅವರ ಕಿವಿಗೆ ಜಹಾಜ್ ಆಗಿ ಬಿದ್ದಿತ್ತು. ಸುರಪುರದ ನೆಂಟರು ನನ್ನನ್ನು ಯಾವ ಬಂದರು, ಯಾವ ಸಮುದ್ರ ಎಂದು ಕೇಳುತ್ತಿದ್ದರು. ಅಪ್ಪನ ಮಾತು ಸುಳ್ಳಾಗಬಾರದೆಂದೋ ಏನೋ, ಮುಂದೆ ಒಂದು ಹಡಗಿನಲ್ಲೂ ಬಾರಿಸಿ ಬಂದೆ.

ಅಂಥ ಕೈ ಈಗ ಚಹಾದ ಕಪ್ಪನ್ನೂ ಸರಿಯಾಗಿ ಹಿಡಿಯದಾಯಿತು.

ಕಲಬುರಗಿಯಲ್ಲಿ ನರ್ವ್ ಕಂಡಕ್ಷನ್ ಟೆಸ್ಟ್ ಮಾಡಿಸಿದೆವು. ಮೊಣಕೈಯಿಂದ ಕಿರುಬೆರಳಿಗೆ ಹೋಗುವ ಅಲ್ನಾರ್ ನರ್ವ್ ಜಜ್ಜಿಹೋಗಿದೆ, ಇದು ಕ್ಯುಬಿಟಲ್ ಟನಲ್ ಸಿಂಡ್ರೋಮ್, ಎಂದರು ಡಾಕ್ಟರ್. ವರ್ಷಗಟ್ಟಲೆ ಮೊಣಕೈ ಮಡಚಿಕೊಂಡೇ ಗಿಟಾರ್ ಹಿಡಿದದ್ದೂ ಕಾರಣವಿರಬಹುದಂತೆ.

ಅಪ್ಪನಿಗೆ ಕೇಳಿಸಿದ್ದು ಟನಲ್ ಒಂದೇ. "ಹೂಳ ತುಂಬ್ಯಾದೇನ್ರಿ ಸಾಹೇಬ್ರ?"

"ಹೂಳಲ್ಲ ಯಜಮಾನ್ರೇ. ದಾರಿ ಬಿಗಿಯಾಗ್ಯಾದ. ನರಾ ತಗದು ಬ್ಯಾರೆ ದಾರಿಗಿ ಹಾಕ್ತೀವಿ."

"ಅಂದ್ರ ಹೊಸಾ ಕಾಲವಿ!" ಅಪ್ಪ ನನ್ನತ್ತ ನೋಡಿ ನಕ್ಕರು. ನಾನು ನಗಲಿಲ್ಲ. ಮತ್ತೆ ಗಿಟಾರ್ ಬಾರಿಸಬಹುದೇ ಎಂದು ಕೇಳಿದೆ.

"ಸರ್ಜರಿ ಮಾಡ್ತೀನಿ. ಕೈಗಿ ಶಕ್ತಿ ಬರಬಹುದು. ಗಿಟಾರಿಂದು ಮಾತ್ರ ಮಾತು ಕೊಡೂದಿಲ್ಲ."

ಮಾತು ಕೊಡುವುದಿಲ್ಲ.

ಸರ್ಜರಿಯಾಯಿತು. ನೋಡಲು ಬಂದವರೆಲ್ಲ, ಎರಡೇ ಬೆರಳಲ್ಲಿ ಗಿಟಾರ್ ಬಾರಿಸಿ ಹೆಸರು ಮಾಡಿದವರ ಕಥೆ ಹೇಳಿ ಹೋದರು. ಆ ಕಥೆ ನನಗೆ ಅವರಿಗಿಂತ ಚೆನ್ನಾಗಿ ಗೊತ್ತು. ನನಗೆ ಬೇಕಾದದ್ದು ನನ್ನ ಬೆರಳು. ನನ್ನ ಟ್ಯೂನ್‌ಗಳೆಲ್ಲ ಮೇಲಿನ ತಂತಿಯಲ್ಲಿ ಕಿರುಬೆರಳು ಹಿಡಿದ ಸ್ವರದ ಮೇಲೆಯೇ ನಿಂತಿದ್ದವು, ಅದಿಲ್ಲದೆ ಅವನ್ನು ಕೇಳಲು ನನ್ನಿಂದ ಆಗುತ್ತಿರಲಿಲ್ಲ. ಸಿಟ್ಟು ಬರುತ್ತಿತ್ತು. ಅನ್ನದ ತಾಟಿನ ಮೇಲೂ ಬರುತ್ತಿತ್ತು.

ಆಮೇಲೆ ಫಿಸಿಯೋಥೆರಪಿಯವರು ಒಂದು ಪರೀಕ್ಷೆ ಹೇಳಿಕೊಟ್ಟರು. ನರ ಚಿಗುರುತ್ತ ಕೆಳಗಿಳಿಯುತ್ತದೆ, ಮೊಣಕೈಯಿಂದ ಮಣಿಕಟ್ಟಿನತ್ತ ಬೆರಳಿನಿಂದ ತಟ್ಟುತ್ತ ಹೋಗಿ, ಎಲ್ಲಿ ಜುಮ್ಮೆನ್ನುತ್ತದೋ ಅಲ್ಲಿಯವರೆಗೆ ಬಂದಿದೆ ಎಂದರ್ಥ ಎಂದರು. ಸಾವಿತ್ರಿಯ ಕಣ್ಣು ಅರಳಿತು. ಅವಳ ತವರು ಸುರಪುರದ ಕಡೆ, ಕಾಲುವೆಯ ಕೊನೆಯ ಹಳ್ಳಿ. ಅಲ್ಲಿ ಹೊಸ ನೀರು ಬಿಟ್ಟ ಸುದ್ದಿ ಬಂದರೆ ಮಕ್ಕಳೆಲ್ಲ ಮೇಲಕ್ಕೆ ಓಡಿಹೋಗಿ, ಒಣ ಕಾಲುವೆಯಲ್ಲಿ ಕಸಕಡ್ಡಿ ತಳ್ಳಿಕೊಂಡು ಬರುವ ನೀರಿನ ಮೂತಿಯ ಮುಂದೆ ಕೇಕೆ ಹಾಕುತ್ತ ಊರವರೆಗೆ ಓಡಿಬರುತ್ತಾರೆ. ದೊಡ್ಡವರು ಅರಿಷಿಣ ಕುಂಕುಮ ಹಿಡಿದು ಕಾಯುತ್ತಾರೆ. ಅವಳೂ ಲಂಗ ಎತ್ತಿ ಕಟ್ಟಿಕೊಂಡು ಓಡಿದವಳೇ.

ಸರಿ, ನನ್ನ ಕೈ ಅವಳ ಕಾಲುವೆಯಾಯಿತು! ಶಾಲೆಯಿಂದ ಬಂದವಳೇ ಚೀಲ ಇಳಿಸಿ ತಟ್ಟಲು ಕೂರುವಳು. "ಇಲ್ಲಿ? ಇಲ್ಲಿ?" ನಾನು ಹೂಂ ಎಂದಲ್ಲಿ ಕೆಂಪು ಪೆನ್ನಿನಿಂದ ಗೆರೆ. "ಮಾವಾ, ಇಲ್ಲೀ ಮಟಾ ಬಂತ್ರೀ!" ಅಪ್ಪ ಕನ್ನಡಕ ಹಾಕಿಕೊಂಡು ಬಂದು ನೋಡುವರು. ವಾರಗಟ್ಟಲೆ ಒಂದೇ ಕಡೆ ನಿಂತದ್ದೂ ಉಂಟು. ಆಗ ಮೂವರೂ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದೆವು. ಮತ್ತೆ ಕೂದಲೆಳೆಯಷ್ಟು ಮುಂದೆ ಸರಿದರೆ ಸಾವಿತ್ರಿ ಸಕ್ಕರೆ ಡಬ್ಬಿ ತರುತ್ತಿದ್ದಳು, ಮೂವರ ಬಾಯಿಗೂ ಒಂದೊಂದು ಚಿಟಿಕೆ. ಕಾಯಿಲೆಯ ಮನೆಯಲ್ಲಿ ಇಷ್ಟೊಂದು ಗದ್ದಲ, ಇಷ್ಟೊಂದು ನಗು ಇರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಕೈಯಲ್ಲಿ ಆಗದ್ದನ್ನು ಬಾಯಲ್ಲಿ ಗುನುಗಿ ಹೊಸ ಟ್ಯೂನ್ ಕಟ್ಟಲು ಶುರುಮಾಡಿದೆ. ಇಪ್ಪತ್ತರ ವಯಸ್ಸಿನಲ್ಲಿ ಹೇಗೆ ಎದೆ ಹಾರುತ್ತಿತ್ತೋ ಹಾಗೆ ಹಾರುತ್ತಿತ್ತು.

ಒಮ್ಮೆ ತಡೆಯಲಾರದೆ ಗಿಟಾರ್ ಎತ್ತಿ ಬಾರಿಸಲು ಹೋದೆ. ಕೈ ಊದಿತು.

"ಒಮ್ಮಿಗೇ ಗೇಟ್ ಎತ್ತಬ್ಯಾಡ ಭೀಮೂ," ಎಂದರು ಅಪ್ಪ. "ಏರಿ ಒಡೀತದ."

ಹೋದ ವಾರ ಜುಮ್ ಎನ್ನುವುದು ಕಿರುಬೆರಳಿನ ಉಗುರಿಗೆ ಮುಟ್ಟಿತು. ಮಧ್ಯಾಹ್ನದ ಊಟವಾಗಿತ್ತು. ಸಾವಿತ್ರಿ ಒಳಗೆ ಹೋಗಿ ಗಿಟಾರ್ ತಂದು ನನ್ನ ತೊಡೆಯ ಮೇಲಿಟ್ಟಳು. ಮೂರು ಬೆರಳು ಕೂಡಿಸಿದೆ. ಕಿರುಬೆರಳು ನಡುಗುತ್ತ ಇಳಿಯಿತು, ತಂತಿಗೆ ತಾಗಿತು, ಒತ್ತಿತು. ಬಲಗೈಯಿಂದ ಮೀಟಿದೆ. ಎಳೆಯ, ಸಣಕಲು ಸ್ವರ, ಅದೂ ತಡವಾಗಿ. ಆದರೆ ಬಂತು! ನಾನು ಅತ್ತೆ. ಸಾವಿತ್ರಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ಮೊದಲಿನಂತೆ ಬಾರಿಸುವುದು ಆಗಲಿಕ್ಕಿಲ್ಲ ಎಂದು ಡಾಕ್ಟರ್ ಈಗಲೂ ಹೇಳುತ್ತಾರೆ. ಇರಲಿ. ಬಂದದ್ದರಲ್ಲಿ ಬಾರಿಸುತ್ತೇನೆ, ಅದಕ್ಕೇ ಋಣಿಯಾಗಿದ್ದೇನೆ. ಅವತ್ತು ನಾವಿಬ್ಬರೂ ಯಾಕೆ ಅಳುತ್ತಿದ್ದೇವೆಂದು ತಿಳಿಯದೆ ಅಪ್ಪ ಒಬ್ಬರನ್ನು ಬಿಟ್ಟು ಒಬ್ಬರನ್ನು ನೋಡುತ್ತಿದ್ದರು. ಅವರ ಕಿವಿ ಈಗ ಬಹಳ ಮಂದ.

"ನನಗ ಕೇಳಿಸ್ಲಿಲ್ಲೋ. ಇನ್ನೊಮ್ಮಿ ಬಾರಿಸು."

ಬಾರಿಸಿದೆ. ಈ ಸಲ ಬೆರಳು ಜಾರಿತು, ಬರಲಿಲ್ಲ. ಅಪ್ಪ ಕುರ್ಚಿ ಎಳೆದುಕೊಂಡು ಬಂದು ಗಿಟಾರಿಗೇ ಕಿವಿ ಹಚ್ಚಿ ಕೂತರು.

"ಹೂಂ," ಎಂದರು. "ನಾ ಇಲ್ಲೇ ಕುಂತೀನಿ."