ಉಣ್ಣಿ ಇಲ್ಲ

ಅಕ್ಕ ಲಂಡನ್ನಿಗೆ ಬರುವ ಮೊದಲೇ, ಏನೇನು ಕೆಡಬಹುದು ಎಂಬುದನ್ನೆಲ್ಲ ನಾನು ಯೋಚಿಸಿ ಮುಗಿಸಿದ್ದೆ. ವೀಸಾ ಸಿಗದೆ ಹೋಗಬಹುದು. ಸಿಕ್ಕರೆ ವಿಮಾನ ತಪ್ಪಬಹುದು. ಶೇಂಗಾ ಚಟ್ನಿಪುಡಿಯನ್ನು ಕಸ್ಟಮ್ಸಿನವರು ಬೇರೇನೋ ಪುಡಿ ಎಂದುಕೊಂಡು ಅವಳನ್ನು ಒಳಕೋಣೆಗೆ ಕರೆದೊಯ್ಯಬಹುದು. ಎಸ್ಕಲೇಟರಿಗೆ ಸೀರೆಯ ಸೆರಗು ಸಿಕ್ಕಬಹುದು. ಟ್ಯೂಬ್ ರೈಲಿನಿಂದ ನಾನು ಇಳಿದು, ಅವಳು ಒಳಗೇ ಉಳಿದು, ಜುಬಿಲಿ ಲೈನಿನ ಕೊನೆ ಮುಟ್ಟಬಹುದು. ಥಂಡಿಗೆ ಎದೆ ಕಟ್ಟಬಹುದು, ಇಲ್ಲಿನ ಜಿಪಿ ಡಾಕ್ಟರು ಮೂರು ವಾರ ಬಿಟ್ಟು ಬನ್ನಿ ಎನ್ನಬಹುದು. ನನ್ನ ಸ್ವಭಾವವೇ ಹೀಗೆ, ಏನು ಮಾಡಲಿ ಹೇಳಿ. ಕೈಯಲ್ಲೇ ಇರುವ ಕೊಡೆಯನ್ನು ಎಲ್ಲಿ ಮರೆತು ಬಂದೆನೋ ಎಂದು ಗಾಬರಿಯಾಗುವವನು.

ಇವುಗಳಲ್ಲಿ ಒಂದೂ ಆಗಲಿಲ್ಲ.

ಎರಡು ವರ್ಷದ ಹಿಂದಿನ ಇದೆಲ್ಲ ನೆನಪಾದದ್ದು ಇಂದು ಬೆಳಿಗ್ಗೆ. ಕಿಂಗ್ಸ್‌ಬರಿಯ ನಮ್ಮ ಮನೆಯ ಹಿಂದಿನ ಪಾರ್ಕಿಗೆ ಹೊಸ ಬೋರ್ಡು ಬಂದಿದೆ: ಹುಲ್ಲಿನಲ್ಲಿ ಉಣ್ಣಿಗಳಿವೆ, ಮನೆಗೆ ಹೋಗಿ ಮೈ ನೋಡಿಕೊಳ್ಳಿ. ಎಂಟು ಕಾಲಿನ ಚಿತ್ರವೂ ಉಂಟು. ಮಗಳು ಹಿಗ್ಗಿಬಿಟ್ಟಳು.

“ಡ್ಯಾಡ್, ದಿಸ್ ಈಸ್ ಅತ್ತೀಸ್ ಉಣ್ಣಿ! ವೆನ್ ಈಸ್ ಶಿ ಕಮಿಂಗ್ ಬ್ಯಾಕ್?”

ನಾನು ಕಾಲುಚೀಲವನ್ನು ಪ್ಯಾಂಟಿನ ಮೇಲಕ್ಕೆ ಎಳೆದುಕೊಂಡು, ಕೇಳಿಸದವನಂತೆ ಮುಂದೆ ನಡೆದೆ.

ಧಾರವಾಡದ ಹತ್ತಿರ ಅಕ್ಕನದು ನಾಲ್ಕು ಮಿಶ್ರತಳಿ ಆಕಳುಗಳ ಡೇರಿ. ದಿನಾ ಬೆಳಿಗ್ಗೆ ಹಾಲು ಹಿಂಡಿದ ಮೇಲೆ ಒಂದೊಂದರ ಕಿವಿಯ ಹಿಂದೆ, ಬಾಲದ ಬುಡದಲ್ಲಿ, ಕೆಚ್ಚಲಿನ ಸಂದಿಯಲ್ಲಿ ಬೆರಳಾಡಿಸಿ, ಸಿಕ್ಕ ಉಣ್ಣಿಯನ್ನು ಸೀಮೆಎಣ್ಣೆಯ ಡಬ್ಬಿಗೆ ಹಾಕುವುದು ಅವಳ ರೂಢಿ. ಆ ಬೆರಳುಗಳಿಗೆ ಲಂಡನ್ನಿನಲ್ಲಿ ಕೆಲಸವಿರಲಿಲ್ಲ. ಸೋಫಾದ ಹೊಲಿಗೆ ತಡವಿದವು, ನನ್ನ ಕೋಟಿನ ಕಾಲರು ತಡವಿದವು. ಒಂದು ಸಂಜೆ ಪಕ್ಕದ ಮನೆಯ ನಾಯಿಯ ಕಿವಿಯ ಹಿಂದಿನಿಂದ ಒಂದನ್ನು ಹಿಡಿದೇ ಬಿಟ್ಟವು. ನಾಯಿಯ ಒಡತಿ ಮೊದಲು ಕಿರುಚಿದಳು, ಆಮೇಲೆ ಕೇಕು ತಂದುಕೊಟ್ಟಳು.

“ನಾಯಿ ಮಲಗಸಾಕ ಹಾಸಿಗಿ ಐತಿ, ಕಿವಿ ನೋಡಾಕ ಕೈ ಇಲ್ಲ ನೋಡು ತಮ್ಮಾ ಈ ಮಂದಿಗೆ,” ಎಂದಳು ಅಕ್ಕ.

ಊರಿನಲ್ಲಿ ಕೊಟ್ಟಿಗೆ ಅವಳ ಗಂಡನ ಪಾಲಿಗೆ ಬಿದ್ದಿತ್ತು. ನಾವು ಅವರನ್ನು ಮಾಮಾ ಎನ್ನುತ್ತೇವೆ. ದಿನದ ವಿಡಿಯೋ ಕಾಲಿನಲ್ಲಿ ಅಕ್ಕ ಕೇಳುತ್ತಿದ್ದದ್ದು ಎರಡೇ: “ಚಂದ್ರಿ ಉಂಡಾಳೇನ್ರಿ? ಉಣ್ಣಿ ನೋಡೀರೇನ್ರಿ?” ಚಂದ್ರಿ ಅವಳ ಅಚ್ಚುಮೆಚ್ಚಿನ ಆಕಳು; ಅಕ್ಕನ ಮನೆಯಲ್ಲಿ ಆಕಳು ಮೇಯುವುದಿಲ್ಲ, ಮನೆಮಂದಿಯಂತೆ ಉಣ್ಣುತ್ತದೆ.

ಒಂದು ದಿನ ಅಕ್ಕ ಮೆಂತ್ಯದ ಸೊಪ್ಪಿಗೆಂದು ನನ್ನ ಹೆಂಡತಿಯ ಜೊತೆ ವೆಂಬ್ಲಿಗೆ ಹೋಗಿದ್ದಳು. ಚಾರ್ಜಿಗಿಟ್ಟ ಅವಳ ಫೋನು ಬಡಿದುಕೊಂಡಿತು, ನಾನು ಎತ್ತಿದೆ. ಮಾಮಾನ ದನಿ ತುಂಡುತುಂಡಾಗಿ ಬಂತು: “ಚಂದ್ರಿ ನಿನ್ನೆ ಸಂಜಿಂದ ಉಣ್ಣ... ಲ್ಲ. ಏನ್... ಅಕ್ಕಗ... ಹೇಳು.” ಅಷ್ಟರಲ್ಲಿ ಲೈನು ಕಡಿಯಿತು. ಉಣ್ಣಿಲ್ಲ, ಅಂದರೆ ಉಣ್ಣಿ ಇಲ್ಲ. ಒಳ್ಳೆಯ ಸುದ್ದಿಯೇ! ಜೀವಮಾನದಲ್ಲಿ ಮೊದಲ ಬಾರಿ ನಾನು ಏನನ್ನೂ ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಳ್ಳಲಿಲ್ಲ.

ಅಕ್ಕ ಬಂದೊಡನೆ ಹೇಳಿದೆ: “ಉಣ್ಣಿ ಇಲ್ಲಂತ ಅಕ್ಕಾ.”

“ಅಂತೂ ಕಲತ್ರು,” ಎಂದು ಅವಳು ಸೊಪ್ಪು ಸೋಸಲು ಕುಳಿತಳು. ಅತ್ತ, ಏನು ಮಾಡಲೆಂದು ಕೇಳಿದ್ದ ಮಾಮಾ ಅವಳ ಮಾತಿಗಾಗಿ ಕಾದೇ ಕಾದರು.

ಮರುದಿನ ಪರದೆಯಲ್ಲಿ ಚಂದ್ರಿ ತಲೆ ಇಳಿಬಿಟ್ಟು ನಿಂತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

“ಹೆಗಲಿನ ಮುಂದ ಕೈ ಇಡ್ರಿ.”

“ಗಂಟ ಐತಿ. ನಿಂಬಿಹಣ್ಣಿನಷ್ಟ.”

“ಕಣ್ಣಿನ ರೆಪ್ಪಿ ತಿರುವ್ರಿ.” ಒಳಗೆ ಬಿಳಿಚಿಕೊಂಡಿತ್ತು. “ಉಣ್ಣಿ ಜ್ವರ ಇದು. ಡಾಕ್ಟರನ್ನ ಈಗಿಂದೀಗ ಕರಸ್ರಿ!”

ಡಾಕ್ಟರು ಕಿವಿಯಿಂದ ಒಂದು ಹನಿ ರಕ್ತ ಗಾಜಿಗೆ ತೆಗೆದರು. ಉಣ್ಣಿ ಕಚ್ಚಿ ರಕ್ತಕ್ಕೆ ಬಿಟ್ಟ ಪರೋಪಜೀವಿ, ಥೈಲೇರಿಯಾ ಎಂದರು. ಕುತ್ತಿಗೆಗೆ ಇಂಜೆಕ್ಷನ್ ಕೊಟ್ಟು, “ನಿನ್ನೆನ ಕರದಿದ್ರ ಚಲೋ ಇತ್ತು. ಇನ್ನ ನಾಕು ದಿನ ಏನೂ ಹೇಳಾಕ ಬರೂದಿಲ್ಲ,” ಎಂದರಂತೆ.

ಅಕ್ಕ ಸಿಡಿದಳು. “ಕೈ ಹಚ್ಚಿ ನೋಡದ ಉಣ್ಣಿ ಇಲ್ಲ ಅಂದ್ರೆಲ್ಲ?”

“ನಾ ಯಾವಾಗ ಹಂಗಂದೆ? ಉಣ್ಣಲಿಲ್ಲ ಅಂದೆ! ನಿನ್ನ ತಮ್ಮನ್ನ ಕೇಳು.”

ಒಂದು ಮುಖ ಸೋಫಾದಿಂದ, ಒಂದು ಪರದೆಯಿಂದ, ಎರಡೂ ನನ್ನ ಕಡೆ ತಿರುಗಿದವು. ನನ್ನ ಕಿವಿಯ ತಪ್ಪು ನನಗೆ ತಿಳಿದದ್ದು ಆ ಗಳಿಗೆಯಲ್ಲೇ. ಆದರೂ, “ಉಣ್ಣಿ ಇಲ್ಲ ಅಂತನ ಅಂದ್ರೆಲ್ಲ ಮಾಮಾ,” ಎಂದುಬಿಟ್ಟೆ. ಮಾಮಾ ಫೋನನ್ನು ಚಂದ್ರಿಯ ಕಡೆ ತಿರುಗಿಸಿದರು.

ಐದನೆಯ ದಿನ ಚಂದ್ರಿ ಒಂದು ಹಿಡಿ ಹಸಿಹುಲ್ಲು ಉಂಡಳು, ಬದುಕಿದಳು. ಕೆಟ್ಟು ನಿಂತದ್ದು ಮಾಮಾನ ಹೆಸರು. ಅಕ್ಕ ಟಿಕೆಟ್ ಬದಲಿಸಿ ಊರಿಗೆ ಹೋದವಳು, ಈ ಎರಡು ವರ್ಷದಲ್ಲಿ ಒಂದು ರಾತ್ರಿಯೂ ಕೊಟ್ಟಿಗೆ ಬಿಟ್ಟಿಲ್ಲ. ಬಾ ಎಂದು ಕರೆದರೆ ಒಂದೇ ಉತ್ತರ: “ನಿಮ್ಮ ಮಾಮಾನ ನಂಬಿ? ಒಮ್ಮೆ ನಂಬಿ ನೋಡೇನಲ್ಲ.”

ಪಾರ್ಕಿನಿಂದ ಬಂದವನು ಬೂಟು ಸಹ ಬಿಚ್ಚದೆ ಫೋನು ಹಚ್ಚಿದೆ. ಹೇಗೆ ಹೇಳಲಿ ಎಂದು ಒಮ್ಮೆಯೂ ಯೋಚಿಸಲಿಲ್ಲ; ಯೋಚಿಸಿದ್ದರೆ ಇನ್ನೆರಡು ವರ್ಷ ಹೋಗುತ್ತಿತ್ತು.

“ಅಕ್ಕಾ, ಅವತ್ತ ಮಾಮಾ ಉಣ್ಣಲಿಲ್ಲ ಅಂತನ ಹೇಳಿದ್ರು. ನಡುವಿಂದು ಒಂದು ‘ಲಿ’ ನನಗ ಕೇಳಸಲಿಲ್ಲ. ಆಮ್ಯಾಲ ಗೊತ್ತಾದ್ರೂ ಬಾಯಿ ಬಿಡಲಿಲ್ಲ.”

ಅಕ್ಕ ಗಂಡನನ್ನು ಕೂಗಿದಳು: “ರೀ, ಬರ್ರಿ ಇಲ್ಲೆ.” ಆಮೇಲೆ ನನಗೆ, “ಇವರಿಗೆ ಇನ್ನೊಮ್ಮೆ ಹೇಳು.”

ಇನ್ನೊಮ್ಮೆ ಹೇಳಿದೆ.

“ಏನ್ರೀ ಸಾಹೇಬ್ರ, ಲಂಡನ್ನಿಂದ ಸುದ್ದಿ ಮುಟ್ಟಾಕ ಎರಡು ವರ್ಷ ಹಿಡೀತಲ್ಲ!” ಎಂದು ಮಾಮಾ ನಕ್ಕರು. ಅಕ್ಕ ನಗಲಿಲ್ಲ.

“ಟಿಕೀಟ ತಗಿ,” ಎಂದಳು. “ಕೊಟ್ಟಿಗಿ ಇವರು ನೋಡ್ಕೋತಾರ. ಫೋನ್ ಮಾತ್ರ ನೀ ಎತ್ತಬ್ಯಾಡ.”